ಹೊಸದಾಗಿ ತೆರೆದ ಕಾಡಿಗೆ ಗುಂಪು ಹೊರಡುವ ಮುನ್ನ

ಮಾನ್ಯ ಸಂಪಾದಕರೇ,

ಬಹುಕಾಲ ಮುಚ್ಚಿದ್ದ ಕಾಡುಪ್ರದೇಶವೊಂದನ್ನು ಸಾರ್ವಜನಿಕರ ನಡಿಗೆಗೆ ತೆರೆದ ಕೆಲವೇ ವಾರಗಳಲ್ಲಿ ಅಲ್ಲಿಗೆ ಒಂದು ದಿನದ ಚಾರಣ ಹೋಗಿಬಂದ 26 ಜನರ ಗುಂಪಿನಲ್ಲಿ ನಾನೂ ಒಬ್ಬ. ಸಾರ್ವಜನಿಕರ ನೆಲ ಸಾರ್ವಜನಿಕರಿಗೆ ಸಿಕ್ಕಿದ್ದು ಸಂತೋಷದ ವಿಷಯವೇ. ಆದರೆ ಇಂಥ ನೆಲವನ್ನು ತೆರೆಯುವವರೂ ಅಲ್ಲಿಗೆ ಜನರನ್ನು ಕರೆದೊಯ್ಯುವವರೂ ಎಲ್ಲಕ್ಕಿಂತ ಮೊದಲು ಒಂದು ಗುಂಪಿನಲ್ಲಿ ಎಷ್ಟು ಮಂದಿ ಇರಬಹುದು ಎಂಬುದನ್ನು ನಿಗದಿಪಡಿಸಬೇಕೆಂದು ಆ ದಿನದ ಅನುಭವ ನನಗೆ ಮನವರಿಕೆ ಮಾಡಿಕೊಟ್ಟಿತು.

ನಮ್ಮ ದಾರಿ ಸುಮಾರು 12 ಕಿಲೋಮೀಟರ್, ಒಟ್ಟು ಏರು 600 ಮೀಟರ್. ಗಂಟೆಗೆ 5 ಕಿಲೋಮೀಟರ್, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂಬ ಲೆಕ್ಕವನ್ನು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹಾಕಿಕೊಟ್ಟ. ಚಾರಣಿಗರು ಅದನ್ನು ಇಂದಿಗೂ ಬಳಸುತ್ತಾರೆ. ಅದರಂತೆ ನಮ್ಮದು ಮೂರೂವರೆ ಗಂಟೆಯೊಳಗಿನ ನಡಿಗೆ. ಹಿಡಿದದ್ದು ಏಳು ಗಂಟೆ. ಆ ಲೆಕ್ಕದಲ್ಲಿ ವಿಶ್ರಾಂತಿ ಸೇರಿಲ್ಲ, ಅದು ಗಟ್ಟಿ ಕಾಲುದಾರಿಗೂ ರೂಢಿಯ ಕಾಲುಗಳಿಗೂ ಹೇಳಿದ ಮಾತು ಎಂಬುದು ನಿಜವಾದರೂ, ನಮ್ಮನ್ನು ಹೆಚ್ಚಾಗಿ ತಡೆದದ್ದು ನಮ್ಮ ಸಂಖ್ಯೆಯೇ. ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ತೊರೆ ದಾಟಲು ಒಬ್ಬರಿಗೆ ಒಂದು ನಿಮಿಷ ಬೇಕಾದರೆ 26 ಮಂದಿಗೆ ಅರ್ಧ ಗಂಟೆಯ ಹತ್ತಿರವಾಗುತ್ತದೆ, ಮತ್ತು ನಮಗೆ ಅಂಥ ತೊರೆಗಳು ಮೂರು ಎದುರಾದವು.

ತಡವಾದದ್ದು ನನ್ನ ದೂರಲ್ಲ. ದಾಟಿದವರು ಆಚೆ ದಡದಲ್ಲಿ, ದಾಟಬೇಕಾದವರು ಈಚೆ ದಡದಲ್ಲಿ ಕಾಯುತ್ತಾ ನಿಂತಾಗ ಯಾರೂ ನಿಂತಲ್ಲೇ ನಿಲ್ಲುವುದಿಲ್ಲ: ಒಬ್ಬರು ಚಿತ್ರ ತೆಗೆಯಲು ಪಾಚಿಗಟ್ಟಿದ ಬಂಡೆ ಹತ್ತುತ್ತಾರೆ, ಇಬ್ಬರು ನೆರಳು ಹುಡುಕಿ ಪೊದೆಯೊಳಗೆ ನುಗ್ಗುತ್ತಾರೆ, ಉಳಿದವರು ಮೆತ್ತಗಿನ ದಂಡೆಯ ಮೇಲೆ ಅತ್ತಿಂದಿತ್ತ ಓಡಾಡುತ್ತಾರೆ. ಮೂರನೆಯ ತೊರೆ ಬಿಟ್ಟು ಹೊರಡುವಾಗ ಹಿಂತಿರುಗಿ ನೋಡಿದೆ. ಬೆಳಿಗ್ಗೆ ಹಸಿರಾಗಿದ್ದ ದಂಡೆ ಕೆಸರಾಗಿತ್ತು. ನಡೆಯುವಾಗ ಮಾಡಿದ್ದಕ್ಕಿಂತ ಹೆಚ್ಚಿನ ಹಾನಿಯನ್ನು ನಾವು ಕಾಯುವಾಗ ಮಾಡಿದ್ದೆವು.

ಯಾರೂ ತುಳಿಯದ ನೆಲದಲ್ಲಿ ಹಾನಿಯ ಬಹುಪಾಲು ಮೊದಮೊದಲ ತುಳಿತದಲ್ಲೇ ಆಗಿಹೋಗುತ್ತದೆ ಎಂದು ಈ ವಿಷಯವನ್ನು ಅಧ್ಯಯನ ಮಾಡಿದವರು ಕಂಡುಕೊಂಡಿದ್ದಾರೆ. ಆಮೇಲೆ ಸಾವಿರ ಜನ ಬಂದರೂ ಅದೇ ಪ್ರಮಾಣದಲ್ಲಿ ಹಾನಿ ಬೆಳೆಯುವುದಿಲ್ಲ. ಆದ್ದರಿಂದಲೇ ಕಾಲುದಾರಿ ಇರುವಲ್ಲಿ, ನಡುವೆ ಕೆಸರಿದ್ದರೂ ಬದಿಗೆ ಸರಿಯದೆ, ಒಬ್ಬರ ಹಿಂದೊಬ್ಬರು ನಡೆಯಬೇಕು; ದಾರಿಯೇ ಇಲ್ಲದಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಒಬ್ಬರ ಹೆಜ್ಜೆಯ ಮೇಲೆ ಇನ್ನೊಬ್ಬರ ಹೆಜ್ಜೆ ಬೀಳದಂತೆ ಚದುರಿ ನಡೆಯಬೇಕು. ಹೊಸದಾಗಿ ತೆರೆದ ನೆಲದ ಪಾಡು ಇವೆರಡರ ನಡುವಿನದು. ಅಲ್ಲಿ ದಾರಿ ಇದೆಯೆನ್ನುವಂತೆಯೂ ಇಲ್ಲ, ಇಲ್ಲವೆನ್ನುವಂತೆಯೂ ಇಲ್ಲ. ಹುಲ್ಲು ಬಾಗಿದ ಮಸುಕು ಗೆರೆಗಳಲ್ಲಿ ಯಾವುದು ಖಾಯಂ ಆಗಬೇಕು, ಯಾವುದು ಮುಂದಿನ ಮಳೆಗೆ ಕೊರಕಲಾಗಬಹುದು ಎಂಬುದನ್ನು ಬಲ್ಲವರು ಮೊದಲೇ ಗುರುತು ಹಾಕದಿದ್ದರೆ, ಮೊದಲ ವರ್ಷ ಬಂದ ನಮ್ಮಂಥವರ ಬೂಟುಗಳೇ ಅದನ್ನು ತೀರ್ಮಾನಿಸುತ್ತವೆ.

ಅಮೆರಿಕದ 1964ರ ಕಾಯಿದೆಯು ವನ್ಯಪ್ರದೇಶದಲ್ಲಿ ಮನುಷ್ಯ ಬಂದುಹೋಗುವವನೇ ಹೊರತು ನೆಲೆಸುವವನಲ್ಲ ಎಂದು ಹೇಳುತ್ತದೆ. ಆ ಕಾಯಿದೆಯಡಿ ಬರುವ ಹಲವು ಪ್ರದೇಶಗಳಲ್ಲಿ ಒಂದು ಗುಂಪಿಗೆ 12 ಅಥವಾ 15 ಜನರ ಮಿತಿಯಿದೆ. ಮಿತಿ ಎಂದೊಡನೆ, ಇದು ಜನರನ್ನು ಹೊರಗಿಡುವ ಉಪಾಯವಲ್ಲವೇ ಎಂಬ ಆಕ್ಷೇಪ ಬರುವುದು ಸಹಜ. ನಾನು ಕೇಳುತ್ತಿರುವುದು ದಿನದ ಒಟ್ಟು ಸಂಖ್ಯೆಗೆ ಕಡಿವಾಣವನ್ನಲ್ಲ. ಅದೇ 26 ಮಂದಿ ಮುಕ್ಕಾಲು ಗಂಟೆಯ ಅಂತರದಲ್ಲಿ ಮೂರು ತಂಡಗಳಾಗಿ ಹೊರಟಿದ್ದರೆ ಯಾರೂ ಮನೆಯಲ್ಲಿ ಉಳಿಯಬೇಕಾಗಿರಲಿಲ್ಲ, ತೊರೆಯ ಬಳಿ ಕಾಯುವುದೂ ಹತ್ತು ನಿಮಿಷ ಮೀರುತ್ತಿರಲಿಲ್ಲ. ಇದಕ್ಕೆ ಮುಂದಾಳುಗಳು ಮೂವರು ಬೇಕು, ಕೊನೆಯವರ ಹಿಂದೆ ನಡೆಯುವವರು ಮೂವರು ಬೇಕು ಎಂಬುದು ಸಂಘಟಕರಿಗೆ ನಿಜವಾದ ಹೊರೆಯೇ. ಅಷ್ಟು ಜನ ಒದಗದಿದ್ದರೆ ಆ ದಿನ ಒಂದೇ ಸಣ್ಣ ತಂಡ ಹೋಗಲಿ.

ಇನ್ನೊಂದು ಮಾತು. ಮಧ್ಯಾಹ್ನ ನಮ್ಮ ಮುಂದಿನ ಸಾಲು ದಾರಿ ತಪ್ಪಿ ಇಳಿಜಾರಿನಲ್ಲಿ ಸುಮಾರು 400 ಮೀಟರ್ ಇಳಿದು ಮತ್ತೆ ಹತ್ತಿಬಂತು. ಅಂದು ಸಂಜೆಯೇ ನಮ್ಮಲ್ಲಿಬ್ಬರು ಆ ತಪ್ಪು ತಿರುವೂ ಸೇರಿದಂತೆ ದಿನದ ಜಿಪಿಎಸ್ ಜಾಡನ್ನು ಮುಂದೆ ಹೋಗುವವರಿಗೆ ಅನುಕೂಲವಾಗಲೆಂದು ಹಂಚಿಕೊಂಡಿದ್ದರು. ಅಳಿಸುವಂತೆ ಇಬ್ಬರನ್ನೂ ಕೇಳಿಕೊಂಡೆ. ಒಬ್ಬರು ಕೂಡಲೇ ಅಳಿಸಿದರು. ಇನ್ನೊಬ್ಬರ ಜಾಡು ಈ ಪತ್ರ ಬರೆಯುವ ಹೊತ್ತಿಗೂ ಅಲ್ಲೇ ಇದೆ, ಮತ್ತು ಅದನ್ನು ಈಗಾಗಲೇ ಹಲವರು ತಮ್ಮ ಫೋನಿಗೆ ಇಳಿಸಿಕೊಂಡಿದ್ದಾರೆ.

ಇಂತು,
ಒಬ್ಬ ಚಾರಣಿಗ