ಬೆಳೆ ಕೈಕೊಟ್ಟಾಗ ನಂಬಿಕೆಯ ಪಾಲೆಷ್ಟು?

ಮಾನ್ಯ ಸಂಪಾದಕರೇ,

ಮನೋಭಾವ ಬದಲಿಸಿಕೊಂಡರೆ ದುಡಿಮೆಯ ಫಲ ತಾನಾಗಿ ಹೆಚ್ಚುತ್ತದೆ ಎಂದು ಸಾರುವ ಬರಹಗಳು ತಮ್ಮ ಪತ್ರಿಕೆಯೂ ಸೇರಿದಂತೆ ಹಲವು ಪತ್ರಿಕೆಗಳ ಪುರವಣಿಗಳಲ್ಲಿ ಮೇಲಿಂದ ಮೇಲೆ ಬರುತ್ತಿವೆ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕಾಲೇಜುಗಳಿಗಷ್ಟೇ ಅಲ್ಲದೆ ಈಗೀಗ ರೈತರ ಸಭೆಗಳಿಗೂ ವ್ಯಕ್ತಿತ್ವ ವಿಕಸನದ ಭಾಷಣಕಾರರನ್ನು ಕರೆಸಿ ಇದೇ ಮಾತನ್ನು ಹೇಳಿಸುವ ವಾಡಿಕೆ ಬೆಳೆದಿದೆ. ನಂಬಿಕೆಗೂ ದುಡಿಮೆಗೂ ನಂಟಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ತಲೆಮಾರುಗಳಿಂದ ರೇಷ್ಮೆ ಹುಳು ಮೇಯಿಸಿಕೊಂಡು ಬಂದ ಮನೆತನದವನಾದ ನನಗೆ, ಆ ನಂಟನ್ನು ಭಾಷಣಕಾರರು ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ ಎನ್ನಿಸುತ್ತದೆ. ನಂಬಿಕೆಯಿಂದ ಉತ್ಸಾಹ ಏರುವುದು ಇಳಿಯುವುದು ಹಾಗಿರಲಿ. ಯಾವ ಕೆಲಸ ಮಾಡತಕ್ಕದ್ದು, ಯಾವುದು ಮಾಡಿಯೂ ವ್ಯರ್ಥ ಎಂಬುದನ್ನು ಅದು ನಮಗಿಂತ ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ.

ಮೊಟ್ಟೆಯೊಡೆದು ಬಂದ ರೇಷ್ಮೆ ಹುಳು ನಾಲ್ಕು ಜ್ವರ (ಮೇವು ಬಿಟ್ಟು ಪೊರೆ ಕಳಚುವ ಹಂತ) ದಾಟಿ ಗೂಡು ಕಟ್ಟಲು ತೊಡಗುವುದಕ್ಕೆ ಸುಮಾರು 25 ದಿನ ಬೇಕು. ಅದು ತಿನ್ನುವ ಒಟ್ಟು ಹಿಪ್ಪುನೇರಳೆ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗಿಂತ ಹೆಚ್ಚು ಕೊನೆಯ ಜ್ವರ ಎದ್ದ ಮೇಲಿನ ದಿನಗಳಲ್ಲೇ ಖರ್ಚಾಗುತ್ತದೆ. ಸೊಪ್ಪು, ಕೂಲಿ, ನಿದ್ದೆ ಎಲ್ಲವನ್ನೂ ಸುರಿದ ಮೇಲೆ, ಹುಳು ಹಣ್ಣಾಗಿ ಗೂಡಿಗೆ ತೊಡಗಲು ಇನ್ನೆರಡು ಮೂರು ದಿನ ಇದೆ ಎನ್ನುವಾಗ ಬೆಳೆ ಹೋದರೆ, “ನಮ್ಮ ಕೈಲೇನಿದೆ, ಹಣೆಬರಹ” ಎಂಬ ಮಾತು ಯಾರ ಬಾಯಿಂದಲಾದರೂ ಬಂದೀತು. ಹಾಲುತೊಂಡೆ ರೋಗ ತಗುಲಿದ ಹುಳು ಮೇವು ಬಿಟ್ಟು, ಹುಳು ಸಾಕುವ ಸ್ಟ್ಯಾಂಡಿನ ಅಂಚಿಗೆ ಬಂದು ಅಲೆದಾಡುತ್ತದೆ. ಗೆಣ್ಣು ಗೆಣ್ಣಿನ ನಡುವೆ ಊದಿಕೊಂಡ ಅದರ ತೆಳು ಚರ್ಮ ಮುಟ್ಟಿದರೆ ಸಾಕು, ಒಡೆದು ಹಾಲಿನಂಥ ನೀರು ಕೆಳಗಿನ ಸೊಪ್ಪಿನ ಮೇಲೆ ಚೆಲ್ಲುತ್ತದೆ. ಆ ಸೊಪ್ಪು ತಿಂದ ಹುಳುವಿಗೆ ರೋಗ ಹತ್ತುತ್ತದೆ. ಆದ್ದರಿಂದ ಅಂಥವನ್ನು ಒಡೆಯುವ ಮೊದಲೇ ಆರಿಸಿ ಬ್ಲೀಚಿಂಗ್ ಪುಡಿ ಕದಡಿದ ಸುಣ್ಣದ ನೀರಿಗೆ ಹಾಕಿ ಹೂಳಬೇಕು, ಬೆಳೆ ತೆಗೆದ ಮೇಲೆ ಹುಳುಮನೆಯನ್ನೂ ಸಲಕರಣೆಗಳನ್ನೂ ಅದೇ ದ್ರಾವಣದಿಂದ ತೊಳೆಯಬೇಕು. ಇದು ನಮ್ಮ ಸೀಮೆಯಲ್ಲಿ ಯಾರಿಗೂ ಗೊತ್ತಿಲ್ಲದ ವಿದ್ಯೆಯಲ್ಲ.

ಗೊತ್ತಿದ್ದೂ ಮಾಡದವರನ್ನು ಸೋಮಾರಿಗಳೆನ್ನಲು ನನಗೆ ಬಾಯಿ ಬಾರದು. ಕೋಳಿ ಕೂಗುವ ಮೊದಲೇ ಎದ್ದು ತೋಟಕ್ಕೆ ಹೋಗಿ ಸೊಪ್ಪು ಕೊಯ್ಯುವವರೇ ಅವರು. ನನಗೆ ಪರಿಚಯದ ಹಿರಿಯರೊಬ್ಬರು ಪ್ರತಿ ಬೆಳೆಯಾದ ಮೇಲೂ ನೆಲ, ಗೋಡೆ, ಸ್ಟ್ಯಾಂಡುಗಳನ್ನೆಲ್ಲ ಮುಂದೆ ನಿಂತು ತಿಕ್ಕಿಸಿ ತೊಳೆಸುತ್ತಾರೆ, ಮೂಲೆಯಲ್ಲಿ ಒರಗಿಸಿಟ್ಟ ಬಿದಿರಿನ ಹಳೆಯ ಚಂದ್ರಿಕೆಗಳನ್ನು (ಹಣ್ಣಾದ ಹುಳು ಗೂಡು ಕಟ್ಟಲು ಬಿಡುವ ತಟ್ಟಿಗಳನ್ನು) ಮಾತ್ರ ಯಾರಿಗೂ ಮುಟ್ಟಗೊಡುವುದಿಲ್ಲ. ಒಂದು ಕಾಲಕ್ಕೆ ಭರ್ಜರಿ ಗೂಡು ಕೊಟ್ಟ ಚಂದ್ರಿಕೆಗಳವು, ತೊಳೆದರೆ ಅವುಗಳ ಗುಣ ಹೋಗುತ್ತದೆ ಎಂಬುದು ಅವರ ನಂಬಿಕೆ. ಹಿಂದಿನ ಬೆಳೆಯ ರೋಗ ಮುಂದಿನ ಬೆಳೆಗೆ ದಾಟಲು ಅಷ್ಟು ಸಾಕು. ಅವರ ಶ್ರಮಕ್ಕೂ ಕೊರತೆಯಿಲ್ಲ, ಧೈರ್ಯಕ್ಕೂ ಕೊರತೆಯಿಲ್ಲ. “ನಿಮ್ಮಿಂದ ಸಾಧ್ಯ” ಎಂದು ವೇದಿಕೆಯ ಮೇಲಿಂದ ಹುರಿದುಂಬಿಸುವವರು ಇಂಥವರ ಯಾವ ಕಷ್ಟವನ್ನು ಪರಿಹರಿಸಿಯಾರು?

ಎಲ್ಲವೂ ನಿನ್ನ ಮನೋಬಲದಲ್ಲಿದೆ ಎಂಬ ಉಪದೇಶವೂ ಹಣೆಬರಹದ ಮಾತಿನಷ್ಟೇ ಅಪಾಯಕಾರಿ. ಫ್ರಾನ್ಸಿನ ರೇಷ್ಮೆ ಸೀಮೆ, ಹುಳುಗಳಿಗೆ ತಗಲುವ ಗಂಟು ರೋಗದಿಂದ (ಪೆಬ್ರಿನ್) ನೆಲಕಚ್ಚಿದ್ದ 1865ರಲ್ಲಿ ವಿಜ್ಞಾನಿ ಲೂಯಿ ಪಾಶ್ಚರ್ ಅಲ್ಲಿಗೆ ಹೋದರು. ಹಲವು ವರ್ಷ ದುಡಿದು, ಈ ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೇ ದಾಟುತ್ತದೆ ಎಂಬುದನ್ನು ಅವರು ಖಚಿತಪಡಿಸಿದರು. ಒಂದೊಂದು ಚಿಟ್ಟೆಯಿಂದಲೂ ಪ್ರತ್ಯೇಕವಾಗಿ ಮೊಟ್ಟೆಯಿಡಿಸಿ, ಬಳಿಕ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಕಣ ಕಂಡರೆ ಆ ಮೊಟ್ಟೆಗಳನ್ನು ನಾಶಪಡಿಸುವ ಕ್ರಮವನ್ನು ಅವರು ರೂಢಿಗೆ ತಂದರು. ಬೆಳೆಗಾರರಿಗೆ ಮೊಟ್ಟೆ ತಯಾರಿಸಿ ಕೊಡುವ ನಮ್ಮ ಬಿತ್ತನೆ ಕೋಠಿಗಳ ತಪಾಸಣೆಗೆ ಇಂದಿಗೂ ಅದೇ ಬುನಾದಿ. ಮೊಟ್ಟೆಯಲ್ಲೇ ಗಂಟು ರೋಗ ಬಂದಿದ್ದರೆ ಬೆಳೆಗಾರ ಎಷ್ಟು ಶುಚಿಯಾಗಿದ್ದರೂ, ಎಷ್ಟು ಆತ್ಮವಿಶ್ವಾಸವಿಟ್ಟುಕೊಂಡರೂ ಆ ಬೆಳೆ ಕೈಗೆ ಹತ್ತುವುದಿಲ್ಲ. ಆಗ ಅವನು ತನ್ನನ್ನೇ ಹಳಿದುಕೊಳ್ಳುವ ಬದಲು ಮೊಟ್ಟೆ ಕೊಟ್ಟವರನ್ನು ಕೇಳಬೇಕು, ಇಲಾಖೆಗೆ ತಿಳಿಸಬೇಕು. ಹಾಲುತೊಂಡೆಯಾದರೆ ತನ್ನ ಹುಳುಮನೆಯನ್ನು ನೋಡಿಕೊಳ್ಳಬೇಕು. ಯಾವುದು ತನ್ನ ಕೈಯಲ್ಲಿದೆ, ಯಾವುದು ಇಲ್ಲ ಎಂಬ ಈ ತಿಳಿವಳಿಕೆಯಿಂದ ಕೆಲಸಕ್ಕೆ ಆಗುವ ಉಪಕಾರ ಹುರುಪಿನಿಂದ ಆಗದು.

ಇನ್ನೊಂದು ಸಂಗತಿಯಿದೆ. ಒಬ್ಬರ ತಲೆಯಲ್ಲಿರುವ ನಂಬಿಕೆ ಎಷ್ಟೋ ಸಲ ಇತರರು ತುಂಬಿದ್ದಾಗಿರುತ್ತದೆ. ನಮ್ಮಲ್ಲಿ ಕೆಲವು ಮನೆಗಳಲ್ಲಿ ಬೆಳೆ ಕೈಕೊಟ್ಟರೆ ಹೊಸದಾಗಿ ಬಂದ ಸೊಸೆಯ ಕೈಗುಣ ಸರಿಯಿಲ್ಲ ಎನ್ನುತ್ತಾರೆ. ತಿಂಗಳ ಆ ದಿನಗಳಲ್ಲಿ ಹೆಂಗಸರನ್ನು ಹುಳುಮನೆಗೆ ಸೇರಿಸುವುದಿಲ್ಲ. ರೋಗದ ಹುಳುವನ್ನು ದೂರದಿಂದಲೇ ಗುರುತಿಸಬಲ್ಲ ಕಣ್ಣು ಮನೆಯಲ್ಲಿ ಅವರದೇ ಆಗಿದ್ದರೂ ಹೊಸ್ತಿಲ ಹೊರಗೇ ನಿಲ್ಲುತ್ತಾರೆ. ಹೀಗೆ ಅನ್ನಿಸಿಕೊಂಡವರ ಕೆಲಸ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಅಧ್ಯಯನವಿದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿಗಳ ಆರು, ಏಳನೆಯ ತರಗತಿಯ ಹುಡುಗರಿಗೆ ಕಾಗದದ ಮೇಲಿನ ದಾರಿ ಹುಡುಕುವ ಒಗಟುಗಳನ್ನು ಕೊಟ್ಟು, ಬಿಡಿಸಿದ್ದಕ್ಕೆ ಹಣವನ್ನೂ ಕೊಟ್ಟರು. ಯಾರ ಜಾತಿಯನ್ನೂ ಹೇಳದಿದ್ದಾಗ ಮೇಲು ಕೀಳೆನ್ನಿಸಿಕೊಂಡ ಜಾತಿಗಳ ಹುಡುಗರ ನಡುವೆ ಹೇಳಿಕೊಳ್ಳುವಂಥ ಅಂತರವೇ ಕಾಣಲಿಲ್ಲ. ಎಲ್ಲರೆದುರು ಜಾತಿಯನ್ನು ಓದಿ ಹೇಳಿ ಆಟ ಆಡಿಸಿದಾಗ, ಕೀಳೆನ್ನಿಸಿಕೊಂಡ ಜಾತಿಗಳ ಹುಡುಗರು ಬಿಡಿಸಿದ ಒಗಟುಗಳು ಗಣನೀಯವಾಗಿ ಕಡಿಮೆಯಾದವು. 2006ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಓದಿದ ಮೇಲೂ “ನಿನ್ನ ಮನೋಭಾವ ಸರಿಪಡಿಸಿಕೋ” ಎಂದು ಆ ಹುಡುಗನಿಗೇ ಬುದ್ಧಿ ಹೇಳುವುದು ನ್ಯಾಯವಲ್ಲ. ಸರಿಪಡಿಸಬೇಕಾದದ್ದು ಅವನ ಜಾತಿಯನ್ನು ಕೂಗಿ ಹೇಳುವ ಬಾಯಿಗಳನ್ನು.

ಸಾಲದ ಚಿಂತೆಯೂ ಹೀಗೆಯೇ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು, ಕೈ ಬಿಗಿಯಾಗಿದ್ದಾಗ ಒಮ್ಮೆ, ಕಟಾವಾಗಿ ಹಣ ಬಂದ ಮೇಲೆ ಇನ್ನೊಮ್ಮೆ ಬುದ್ಧಿಶಕ್ತಿಯ ಪರೀಕ್ಷೆಗೆ ಒಳಪಡಿಸಿದಾಗ, ಅದೇ ಜನ ಎರಡನೆಯ ಸಲ ಚೆನ್ನಾಗಿ ಉತ್ತರಿಸಿದ್ದು 2013ರಲ್ಲಿ ವರದಿಯಾಗಿದೆ. ಗೂಡಿನ ಧಾರಣೆ ಬಿದ್ದ ವಾರದಲ್ಲಿ ನಮ್ಮ ಮಾರುಕಟ್ಟೆಯ ಕಟ್ಟೆಯ ಮೇಲೆ ಕೂತವರ ಮುಖ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ನಂಬಿಕೆ ಬದಲಾಗುವುದು ಹೇಗೆ? ತನ್ನಿಂದ ಒಂದು ಕೆಲಸ ಆದೀತು ಎಂಬ ಭರವಸೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು 1977ರಲ್ಲಿ ವಿವರಿಸಿದ ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ, ತಾನೇ ಮಾಡಿ ಗೆದ್ದ ಅನುಭವಕ್ಕೆ ಮೊದಲ ಸ್ಥಾನ ಕೊಟ್ಟರು. ತನ್ನಂಥವನೇ ಆದ ಇನ್ನೊಬ್ಬ ಮಾಡಿದ್ದನ್ನು ಕಣ್ಣಾರೆ ಕಾಣುವುದು ಅದರ ನಂತರದ್ದು. ಬರಿಯ ಮಾತಿನ ಪ್ರೋತ್ಸಾಹ ಹುಟ್ಟಿಸುವ ಭರವಸೆ ಇವೆರಡಕ್ಕಿಂತ ದುರ್ಬಲ, ಸೋಲು ಎದುರಾದೊಡನೆ ಕರಗುವಂಥದ್ದು ಎಂದೂ ಅವರು ಹೇಳಿದ್ದಾರೆ. ನಾನು ಮೇಲೆ ಹೇಳಿದ ಹಿರಿಯರ ಮನಸ್ಸು ಯಾವ ಭಾಷಣಕ್ಕೂ ಬಗ್ಗಲಾರದು. ಆದರೆ ಪಕ್ಕದ ಊರಿನ ಅವರ ನೆಂಟರೇ ಚಂದ್ರಿಕೆ ತೊಳೆದು ಬೆಳೆ ತೆಗೆದು ಮಾರುಕಟ್ಟೆಯಲ್ಲಿ ಗೂಡು ಸುರಿದದ್ದನ್ನು ನೋಡಿದರೆ, ಮುಂದಿನ ಸಲ ಅರ್ಧದಷ್ಟನ್ನಾದರೂ ತೊಳೆಸಿಯಾರು.

ಆದ್ದರಿಂದ ರೇಷ್ಮೆ ಇಲಾಖೆಯವರು ಸಭಾಂಗಣದ ಭಾಷಣಗಳಿಗೆ ಮಾಡುವ ಖರ್ಚನ್ನು ಬೆಳೆಗಾರರನ್ನು, ಅದರಲ್ಲೂ ಹುಳು ಮೇಯಿಸುವ ಹೆಂಗಸರನ್ನು, ಅಕ್ಕಪಕ್ಕದ ಊರುಗಳ ಹುಳುಮನೆಗಳಿಗೆ ಕರೆದೊಯ್ಯಲು ಬಳಸಲಿ. ಹೋದ ಬೆಳೆ ಯಾವ ರೋಗದಿಂದ ಹೋಯಿತು ಎಂಬುದನ್ನು ಪರೀಕ್ಷಿಸಿ, ಆಯಾ ಬೆಳೆಗಾರನಿಗೆ ಬರಹದಲ್ಲಿ ತಿಳಿಸುವ ಕ್ರಮವನ್ನೂ ಇಟ್ಟುಕೊಳ್ಳಲಿ. ತಮ್ಮ ಕೃಷಿ ಪುಟದಲ್ಲಿ ಲಕ್ಷಗಟ್ಟಲೆ ಗಳಿಸಿದವರ ಯಶೋಗಾಥೆಗಳ ಜೊತೆಗೆ, ಬೆಳೆ ಹೋದ ಕಾರಣವನ್ನು ಪತ್ತೆಹಚ್ಚಿ ಮುಂದಿನ ಬೆಳೆಯನ್ನು ಉಳಿಸಿಕೊಂಡವರ ಅನುಭವಕ್ಕೂ ವಾರಕ್ಕೊಂದು ಕಾಲಂ ಮೀಸಲಿಡಬೇಕೆಂದು ಕೋರುತ್ತೇನೆ. ಬರೆದು ಕಳಿಸುವವರು ನಮ್ಮ ತಾಲ್ಲೂಕಿನಲ್ಲೇ ಬೇಕಾದಷ್ಟು ಮಂದಿ ಇದ್ದಾರೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ರೇಷ್ಮೆ ಬೆಳೆಗಾರ
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ