ಙ ಅಕ್ಷರದ ಮಗನಿಗೆ ಒಂದು ಹೆಸರು

ಪ್ರೀತಿಯ ಗೆಳೆಯಾ,

ಮಗ ಹುಟ್ಟಿದ ಸುದ್ದಿ ಕೇಳಿ ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಅತ್ತಿಗೆ ಆರಾಮಾಗಿದ್ದಾರೆ, ಬಾಣಂತನ ಸಾಗರದಲ್ಲೇ ಅಂತ ಕೇಳಿ ಸಮಾಧಾನ ಆಯಿತು. ತೀರ್ಥಹಳ್ಳಿ ಕಡೆ ಮಳೆ ಬಿಟ್ಟಿಲ್ಲ ಮಾರಾಯ. ಒಂದು ಹೊಳವು ಸಿಕ್ಕರೆ ತೋಟಕ್ಕೆ ಔಷಧಿ ಹೊಡೆಸಬೇಕು, ಕೊಳೆ ಹಿಡಿದರೆ ಈ ವರ್ಷದ ಫಸಲು ಹೋದ ಹಾಗೆ. ಅದಕ್ಕೇ ಇನ್ನೂ ಬಂದಿಲ್ಲ. ನಾಮಕರಣಕ್ಕೆ ಖಂಡಿತ ಬರುತ್ತೇನೆ.

ನೀನು ಕಳಿಸಿದ ಹೆಸರಿನ ಪಟ್ಟಿಯನ್ನು ಮೂರು ಸಲ ಓದಿದೆ. ಎಲ್ಲರ ಮನೆಯಲ್ಲೂ ಇರುವ ಹೆಸರು ಬೇಡ, ಬೇರೆ ದೇಶದ್ದಾದರೂ ಸರಿ, ಅರ್ಥ ಮಾತ್ರ ಚೆನ್ನಾಗಿರಬೇಕು ಅಂತ ಬರೆದಿದ್ದೀಯ. ಕೊನೆಯಲ್ಲಿ, ಮಗು ಆರಿದ್ರಾ ನಕ್ಷತ್ರ ಮೂರನೇ ಪಾದ, ಭಟ್ಟರು ಙ ಅಕ್ಷರ ಅಂತಿದ್ದಾರೆ, ತಲೆಕೆಟ್ಟು ಹೋಗಿದೆ ಅಂತಲೂ ಬರೆದಿದ್ದೀಯ.

ಙ ನೋಡಿದ ತಕ್ಷಣ ನನಗೆ ನಮ್ಮ ಒಂದನೇ ಕ್ಲಾಸಿನ ಗೋಡೆ ಕಂಡಿತು. ಅಕ್ಷರಮಾಲೆಯ ಚಾರ್ಟ್ ನೆನಪಿದೆಯಾ? ಕ ಎದುರು ಕಮಲ, ಗ ಎದುರು ಗಡಿಯಾರ, ಘ ಎದುರು ಘಂಟೆ. ಙ ಎದುರು ಮಾತ್ರ ಖಾಲಿ ಚೌಕ. ಅದಕ್ಕೆ ಪದ ಇಲ್ಲ, ಸುಮ್ನೆ ಹೇಳಿ ಅಂತ ಮೇಷ್ಟ್ರು ಮುಂದೆ ಹೋಗುತ್ತಿದ್ದರು. ನೀನು ಆ ಚೌಕದಲ್ಲಿ ಪೆನ್ಸಿಲಿನಿಂದ ಒಂದು ಹಕ್ಕಿ ಬರೆದು ಪೆಟ್ಟು ತಿಂದಿದ್ದೆ. ಇಪ್ಪತ್ತೇಳು ನಕ್ಷತ್ರ, ನಾಲ್ಕು ನಾಲ್ಕು ಪಾದ, ಒಟ್ಟು 108 ಅಕ್ಷರ. ಅದರಲ್ಲಿ ನಿನ್ನ ಮಗನಿಗೇ ಈ ಖಾಲಿ ಚೌಕ ಬಂದಿದೆ. ನನಗಂತೂ ಅದು ಖುಷಿಯ ವಿಷಯ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ನಿನ್ನ ಪಟ್ಟಿ. 'ಕೈ' ಅಂದರೆ ಹವಾಯಿ ಭಾಷೆಯಲ್ಲಿ ಸಮುದ್ರ. ಒಳ್ಳೆಯ ಅರ್ಥವೇ. ಆದರೆ ಇಲ್ಲಿ ಅಜ್ಜಿ 'ಕೈ ಎಲ್ಲಿ ಹೋಯ್ತು' ಅಂತ ಕೇಳುವ ಹಾಗಾಗುತ್ತದೆ. ಬೇಡ. 'ಅರಿ' ಹೀಬ್ರೂವಿನಲ್ಲಿ ಸಿಂಹ, ಐಸ್‌ಲ್ಯಾಂಡಿನಲ್ಲಿ ಹದ್ದು. ನಮಗೆ ಅರಿ ಅಂದರೆ ತಿಳಿ. ನನಗೆ ಇದು ಬಹಳ ಹಿಡಿಸಿತ್ತು. ಆದರೆ ಸಂಸ್ಕೃತದಲ್ಲಿ ಅರಿ ಅಂದರೆ ಶತ್ರು, ಅರಿಷಡ್ವರ್ಗ ಅಂತೀವಲ್ಲ. ನಿಮ್ಮ ಮಾವ ಒಪ್ಪುವುದಿಲ್ಲ ಬಿಡು. 'ರೆನ್' ಜಪಾನಿನದು, ತಾವರೆಯ ಅಕ್ಷರದಲ್ಲಿ ಬರೆದರೆ ತಾವರೆ ಅಂತ ಅರ್ಥ. ಆ ಅರ್ಥ ಇರುವುದು ಅವರು ಬರೆಯುವ ಅಕ್ಷರದಲ್ಲಿ. ಕನ್ನಡದಲ್ಲಿ ಬರೆದ ಕೂಡಲೇ ತಾವರೆ ಉದುರಿಹೋಗುತ್ತದೆ.

ಇನ್ನೊಂದು ವಿಷಯ. ನಮ್ಮ ಕಡೆ ಹೆಸರನ್ನು ಕರೆಯುವುದಕ್ಕಿಂತ ಕೂಗುವುದೇ ಜಾಸ್ತಿ, ಅಲ್ವಾ? ಜಗಲಿಯಲ್ಲಿ ನಿಂತು ಕೂಗಿದರೆ ತೋಟದ ಕೆಳಗಿನ ತುದಿಗೆ, ಹಳ್ಳದ ಸದ್ದು ದಾಟಿ ಕೇಳಬೇಕು. ಅದಕ್ಕೆ ಕೊನೆಯಲ್ಲಿ ಎಳೆಯಲು ಒಂದು ಸ್ವರ ಬೇಕು. 'ರೆನ್' ಅಂತ ಕೂಗಿ ನೋಡು, ಬಾಯಿ ಮುಚ್ಚಿಹೋಗುತ್ತದೆ. ಎರಡು ದಿನದಲ್ಲಿ ಅದು 'ರೆನ್ನೂ' ಆಗುತ್ತದೆ. ಇಡುವ ಮೊದಲು ಒಮ್ಮೆ ಮಳೆಯಲ್ಲಿ ಜಗಲಿಯಿಂದ ಕೂಗಿ ನೋಡು. ಇದನ್ನು ನಿಜವಾಗಿಯೂ ಹೇಳುತ್ತಿದ್ದೇನೆ.

ಪಟ್ಟಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 'ಕೋಫಿ'. ಮಗು ಹುಟ್ಟಿದ್ದು ಶುಕ್ರವಾರ ಅಂತ ಅದನ್ನು ಬರೆದಿದ್ದೀಯ. ಘಾನಾದ ಅಕಾನ್ ಜನ ಹುಟ್ಟಿದ ವಾರದ ಹೆಸರನ್ನೇ ಮಗುವಿಗೆ ಇಡುತ್ತಾರೆ. ಶುಕ್ರವಾರ ಹುಟ್ಟಿದ ಗಂಡು ಕೋಫಿ, ಶನಿವಾರದವನು ಕ್ವಾಮೆ. ಇದನ್ನು ಅಜ್ಜಿಗೆ ಹೇಳಿದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಒರೆಸುತ್ತಾ ಕೂತಿದ್ದವರು ಕೈ ನಿಲ್ಲಿಸಿ, "ಹಾಗಾದ್ರೆ ನಮ್ಮ ತುಕ್ರ, ತನಿಯ" ಅಂದರು.

ಹೌದಲ್ಲ ಅನ್ನಿಸಿತು. ಘಟ್ಟದ ಕೆಳಗಿನಿಂದ ಕೊನೆಕೊಯ್ಲಿಗೆ ಬರುತ್ತಿದ್ದ ತುಳು ಆಳುಗಳ ಹೆಸರು ಅವು. ಭಾನುವಾರ ಹುಟ್ಟಿದರೆ ಐತ, ಮಂಗಳವಾರ ಅಂಗಾರ, ಶುಕ್ರವಾರ ತುಕ್ರ, ಶನಿವಾರ ತನಿಯ. ದೊಡ್ಡ ದೇವರ ಹೆಸರನ್ನು ಅವರು ಇಟ್ಟುಕೊಂಡರೆ ಧಣಿಗಳಿಗೆ ಆಗುತ್ತಿರಲಿಲ್ಲ ಅಂತ ಅಜ್ಜಿ ಹೇಳಿದರು. ಹೇಳುವಾಗ ಅವರ ದನಿ ಸಣ್ಣದಾಯಿತು. ಆ ಆಳುಗಳ ಮೊಮ್ಮಕ್ಕಳು ಯಾರೂ ಈಗ ಆ ಹೆಸರು ಇಟ್ಟುಕೊಳ್ಳುವುದಿಲ್ಲ. ಯಾಕೆ ಇಟ್ಟುಕೊಳ್ಳಬೇಕು? ಆ ಹೆಸರು ಕರೆದ ದನಿಗಳು ಅವರಿಗೆ ಇನ್ನೂ ನೆನಪಿರುತ್ತವೆ. ಅಲ್ಲಿ ಘಾನಾದಲ್ಲಿ ನೋಡು. 1957ರಲ್ಲಿ ಸ್ವತಂತ್ರವಾದ ದೇಶವನ್ನು ನಡೆಸಿದವರು ಕ್ವಾಮೆ ಎನ್‌ಕ್ರುಮಾ. 1997ರಿಂದ 2006ರವರೆಗೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಗಿದ್ದವರು ಕೋಫಿ ಅನ್ನಾನ್. ಒಬ್ಬರು ತನಿಯ, ಇನ್ನೊಬ್ಬರು ತುಕ್ರ. ಆವತ್ತು ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಕೋಫಿ ಇಡಬೇಡ ಅಂತ ನಾನು ಹೇಳುವುದಿಲ್ಲ. ನಮ್ಮ ಕಾಫಿ ಸೀಮೆಯಲ್ಲಿ ಅದು 'ಕಾಫಿ' ಆಗುವುದು ಖಂಡಿತ, ಅದು ಬೇರೆ ಮಾತು. ಆದರೆ ಇಡುವುದಾದರೆ ಮುಂದೆ ಅವನಿಗೆ ತುಕ್ರನ ಕತೆಯನ್ನೂ ಹೇಳಬೇಕು.

ನನ್ನ ಮಗನ ಹೆಸರಿನ ಕತೆ ನಿನಗೆ ಗೊತ್ತು. 'ಮಿಹಿರ' ಸಂಸ್ಕೃತದ್ದೇ ಅಂತ ಇಟ್ಟೆ. ಆಮೇಲೆ ಓದಿದಾಗ ತಿಳಿಯಿತು, ಅದು ಇರಾನಿನ ಮಿತ್ರ ದೇವರ ಹೆಸರು, ಅಲ್ಲಿ ಮಿಹ್ರ್ ಆಗಿ, ಇಲ್ಲಿಗೆ ಬಂದು ಮಿಹಿರ ಆಗಿ ಸೂರ್ಯನಾಯಿತು. ವರಾಹಮಿಹಿರನ ಹೆಸರಿನಲ್ಲಿ ಇರುವುದೂ ಅದೇ. ಅಜ್ಜಿಯ ಬಾಯಲ್ಲಿ ಅದು 'ಮೀರಾ' ಆಯಿತು. ಹುಡುಗಿ ಹೆಸರು ಅಂತ ಅವನು ಒಂದು ದಿನ ಅತ್ತ. ಜನನ ಪ್ರಮಾಣಪತ್ರದಲ್ಲಿ 'ಮಿರಿಹ' ಅಂತ ಬಂತು, ತಿದ್ದಿಸಲು ನಾಲ್ಕು ಸಲ ಅಲೆದೆ. ಆದರೆ ಮೊನ್ನೆ "ಅಪ್ಪಾ, ನನ್ನ ಹೆಸರು ಯಾವ ಊರಿಂದು" ಅಂತ ಕೇಳಿದಾಗ ಹೇಳಲು ನನ್ನ ಹತ್ತಿರ ಒಂದು ಕತೆ ಇತ್ತು. ಇರಾನ್ ಎಲ್ಲಿದೆ ಅಂತ ಭೂಪಟ ತೆಗೆಸಿದ. ಬೆರಳಿನಲ್ಲಿ ಅಲ್ಲಿಂದ ತೀರ್ಥಹಳ್ಳಿವರೆಗೆ ಗೆರೆ ಎಳೆದ. ಹೊರಗಿನ ಹೆಸರು ತರುವುದಾದರೆ ಅದರ ದಾರಿಯೂ ಗೊತ್ತಿರಲಿ ಅನ್ನುವುದು ನನ್ನ ಆಸೆ.

ಅವಸರ ಮಾಡಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸು, ಹೆಸರಿನ ಜಾಗ ಖಾಲಿ ಬಿಟ್ಟರೂ ನಡೆಯುತ್ತದೆ. ಒಂದು ವರ್ಷದೊಳಗೆ ಹೆಸರು ಸೇರಿಸಿದರೆ ಶುಲ್ಕವೂ ಇಲ್ಲ. ಕಾಗುಣಿತ ಮಾತ್ರ ನೀನೇ ಬರೆದುಕೊಡು.

ಈಗ ಙ ವಿಷಯ. ಚಳಿಗಾಲದಲ್ಲಿ ಶಿವಮೊಗ್ಗದಲ್ಲಿ ಸ್ವೆಟರ್ ಮಾರಲು ಬರುವ ಟಿಬೆಟಿನವರ ಹತ್ತಿರ ಒಮ್ಮೆ ಮಫ್ಲರ್ ಕೊಳ್ಳುವಾಗ ಒಬ್ಬರು ಇನ್ನೊಬ್ಬರನ್ನು ಕರೆದರು. ಹೆಸರಿನ ಮೊದಲ ಸದ್ದು ಮೂಗಿನಿಂದ ಬಂತು. ನಮ್ಮ ಖಾಲಿ ಚೌಕದ ಸದ್ದು! ಇನ್ನೊಮ್ಮೆ ಹೇಳಿ ಅಂತ ಕೇಳಿದೆ. 'ಙವಾಂಗ್.' ಅವರಲ್ಲಿ ತುಂಬಾ ಬಳಕೆಯ ಹೆಸರಂತೆ. ಐದನೇ ದಲಾಯಿ ಲಾಮಾ ಅವರ ಹೆಸರಿನಲ್ಲೂ ಅದಿದೆ. ಅವರ ಅಕ್ಷರಮಾಲೆ ಏಳನೇ ಶತಮಾನದಲ್ಲಿ ನಮ್ಮ ದೇಶದ ಲಿಪಿ ನೋಡಿ ಮಾಡಿಕೊಂಡದ್ದು. ಕ, ಖ, ಗ ಆದಮೇಲೆ ಅಲ್ಲೂ ಙ ಇದೆ. ವಿಯೆಟ್ನಾಮಿನಲ್ಲಿ ಎಲ್ಲೆಲ್ಲೂ ಸಿಗುವ ಙುಯೆನ್ ಮನೆತನದ ಹೆಸರೂ ಇದೇ ಸದ್ದಿನಿಂದ ಶುರು. ನಮ್ಮ ಮೇಷ್ಟ್ರಿಗೆ ಒಂದೂ ಪದ ಸಿಗದ ಅಕ್ಷರದಿಂದ ಹೊರಗೆ ಎಷ್ಟೊಂದು ಮಕ್ಕಳನ್ನು ಕರೆಯುತ್ತಾರೆ ನೋಡು.

ಙವಾಂಗ್ ಅಂದರೆ ಮಾತಿನ ಒಡೆಯ. ಅದೇ ಅರ್ಥದ ಹೆಸರು ನಮ್ಮಲ್ಲೂ ಇದೆ, ವಾಗೀಶ. ಸಾಗರ, ಸಿರ್ಸಿ ಕಡೆ ಕೇಳಿಯೇ ಇರುತ್ತೀಯ. ಅದು ಹೊಸದಲ್ಲ ಅಂತ ನೀನು ಮೂಗು ಮುರಿಯಬಹುದು. ಆದರೆ ನನ್ನನ್ನು ಕೇಳಿದರೆ, ಕಿವಿಯಲ್ಲಿ ಹೇಳುವ ನಕ್ಷತ್ರದ ಹೆಸರು ಙವಾಂಗ್ ಇರಲಿ, ಜಗಲಿಯಿಂದ ಕೂಗುವ ಹೆಸರು ವಾಗೀಶ. ಭಟ್ಟರ ಅಕ್ಷರವೂ ಉಳಿಯುತ್ತದೆ, ನಿನಗೆ ಬೇಕಾದ ದೂರದ ಹೆಸರೂ ಸಿಗುತ್ತದೆ. ಅತ್ತಿಗೆಯನ್ನು ಕೇಳು. ಅವರು ಬೇಡ ಅಂದರೆ ಬೇಡ.

ಹೆಸರು ಬರೆಯಲು ನಮ್ಮ ಗದ್ದೆಯ ಅಕ್ಕಿ ನಾನೇ ತರುತ್ತೇನೆ. ತಟ್ಟೆ ಸ್ವಲ್ಪ ದೊಡ್ಡದು ಇಟ್ಟಿರು. ಉಂಗುರದಲ್ಲಿ ಙ ಬರೆಯುವುದನ್ನು ಈಗಲೇ ಅಭ್ಯಾಸ ಮಾಡಿಕೋ.

ಅಪ್ಪಿಗೆ ನನ್ನ ಮುತ್ತು.

ನಿನ್ನ
ಒಂದನೇ ಕ್ಲಾಸಿನ ಬೆಂಚಿನ ಗೆಳೆಯ