ಆ ಸೊನ್ನೆ ಸರಿಯಾಗಿಯೇ ಇದೆ, ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನಿನ್ನ ಭೌತಶಾಸ್ತ್ರದ ನೋಟ್‌ಬುಕ್ ನೋಡಿದೆ. ಐದನೇ ಲೆಕ್ಕಕ್ಕೆ ‘ಸೊನ್ನೆ’ ಅಂತ ಬರೆದು, ಅದರ ಮೇಲೆ ಕಾಗದ ಹರಿಯುವ ಹಾಗೆ ಗೀಚಿದ್ದೀಯ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ, ‘ಬ್ಯಾಗ್ ಹಿಡಿದು ನಿಂತ್ರೆ ಕೈ ನೋಯುತ್ತೆ, ಕೆಲಸ ಹೇಗೆ ಸೊನ್ನೆ?’ ಆ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಅದಕ್ಕೇ ಈ ಪತ್ರ.

ಭೌತಶಾಸ್ತ್ರದಲ್ಲಿ ಕೆಲಸ ಅಂದರೆ ಬಲವನ್ನು, ಆ ಬಲದ ದಿಕ್ಕಿನಲ್ಲಿ ವಸ್ತು ಸರಿದ ದೂರದಿಂದ ಗುಣಿಸಿದ್ದು. 6 ಕಿಲೋ ಬ್ಯಾಗನ್ನು ನೆಲದಿಂದ 1 ಮೀಟರ್ ಮೇಲಕ್ಕೆ ಎತ್ತಿದೆ ಅಂದುಕೋ. ಅದಕ್ಕೆ ಬೇಕಾದ ಬಲ 6 × 9.8, ಅಂದರೆ 58.8 ನ್ಯೂಟನ್. ದೂರ 1 ಮೀಟರ್, ಹಾಗಾಗಿ ಕೆಲಸ 58.8 ಜೂಲ್. (ಭೂಮಿಯ ಸೆಳೆತದ ಆ 9.8 ಮರೆತು ನೀನು ಬರೀ 6 ಹಾಕುತ್ತೀಯ. ಕಿಲೋ ಬಲ ಅಲ್ಲ, ನೆನಪಿಡು.) ಈಗ ಎತ್ತಿದ ಬ್ಯಾಗನ್ನು ಹಾಗೇ ಹಿಡಿದು ನಿಲ್ಲು. ಕೈ ಬಲ ಹಾಕುತ್ತಲೇ ಇದೆ, ಬ್ಯಾಗ್ ಮಾತ್ರ ಕದಲಿಲ್ಲ. ದೂರ ಸೊನ್ನೆ ಆದರೆ ಗುಣಿಸಿದ್ದೂ ಸೊನ್ನೆ, ಅಲ್ವಾ? ಅದನ್ನು ಹಿಡಿದು ಸಮತಟ್ಟಾದ ನೆಲದಲ್ಲಿ ಒಂದೇ ವೇಗದಲ್ಲಿ ನಡೆದರೂ ಅಷ್ಟೇ. ನಿನ್ನ ಬಲ ಮೇಲಕ್ಕೆ, ಬ್ಯಾಗ್ ಹೋಗುವುದು ಮುಂದಕ್ಕೆ.

ಹಾಗಾದರೆ ನೋವು ಸುಳ್ಳಾ? ಖಂಡಿತ ಅಲ್ಲ. ನಿನ್ನ ತೋಳಿನ ಸ್ನಾಯುವಿನ ಎಳೆಗಳು ಬಿಗಿಯಾಗಿ, ಸಡಿಲಾಗಿ, ಮತ್ತೆ ಬಿಗಿಯಾಗುತ್ತಲೇ ಇರುತ್ತವೆ. ಮೈಯಲ್ಲಿರುವ ಶಕ್ತಿ ಅಲ್ಲಿ ಶಾಖವಾಗಿ ಖರ್ಚಾಗುತ್ತದೆ. ಕೈ ನಡುಗುತ್ತದೆ, ಬೆವರು ಬರುತ್ತದೆ. ಬ್ಯಾಗಿಗೆ ಮಾತ್ರ ಅದರಲ್ಲಿ ಏನೂ ಸೇರುವುದಿಲ್ಲ. ಅದೇ ಬ್ಯಾಗನ್ನು ಮೇಜು ದಿನವಿಡೀ ಹೊತ್ತರೂ ದಣಿಯುವುದಿಲ್ಲ. ಲೆಕ್ಕದಲ್ಲಿ ಕೇಳಿರುವುದು ಬ್ಯಾಗಿನ ಮೇಲೆ ಎಷ್ಟು ಕೆಲಸ ಆಯಿತು ಅಂತ. ಈ ‘ಯಾವುದರ ಮೇಲೆ’ ಅನ್ನುವ ಮಾತನ್ನು ಪಾಠಗಳಲ್ಲಿ ಇನ್ನೂ ಒತ್ತಿ ಹೇಳಬೇಕು ಅಂತ ನನಗೆ ಅನಿಸುತ್ತದೆ.

ಸಾಮರ್ಥ್ಯ ನಿನಗೆ ಕಷ್ಟವಾಗಲ್ಲ. ಕೆಲಸವನ್ನು ಸಮಯದಿಂದ ಭಾಗಿಸು, ಮುಗಿಯಿತು. ನಿನ್ನ 40 ಕಿಲೋ 3 ಮೀಟರ್ ಎತ್ತರದ ಮೆಟ್ಟಿಲು ಹತ್ತಿದರೆ 1,176 ಜೂಲ್. ನಿಧಾನಕ್ಕೆ 12 ಸೆಕೆಂಡಿನಲ್ಲಿ ಹತ್ತಿದರೆ 98 ವ್ಯಾಟ್, 4 ಸೆಕೆಂಡಿನಲ್ಲಿ ಓಡಿ ಹತ್ತಿದರೆ 294 ವ್ಯಾಟ್. ಕೆಲಸ ಎರಡು ಸಲವೂ ಅಷ್ಟೇ.

ಇನ್ನೊಂದು ಲೆಕ್ಕ ಸುಮ್ನೆ ನನಗೋಸ್ಕರ ಮಾಡಿದೆ. ಕರೆಂಟಿನ ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. ಅಷ್ಟಾಗಲು ನೀನು ಆ ಮೆಟ್ಟಿಲನ್ನು ಮೂರು ಸಾವಿರಕ್ಕೂ ಜಾಸ್ತಿ ಸಲ ಹತ್ತಬೇಕು! ತಕ್ಷಣ ಎದ್ದು ಹೋಗಿ, ಖಾಲಿ ಕೋಣೆಯಲ್ಲಿ ತಿರುಗುತ್ತಿದ್ದ ಫ್ಯಾನ್ ಆರಿಸಿ ಬಂದೆ.

ಆರನೇ ಲೆಕ್ಕದಲ್ಲಿ ಎಳೆಯುವ ಹಗ್ಗ ನೆಲಕ್ಕೆ 60 ಡಿಗ್ರಿ ಓರೆಯಾಗಿದೆ. ಮುಂದಕ್ಕೆ ಎಳೆಯುವ ಪಾಲು ಅರ್ಧ ಮಾತ್ರ. ಮಾಡಿಡು, ಸಂಜೆ ಒಟ್ಟಿಗೆ ನೋಡೋಣ. ಐದನೆಯದರ ಗೀಚನ್ನು ಅಳಿಸಬೇಡ. ಪಕ್ಕದಲ್ಲಿ ಇನ್ನೊಂದು ಸೊನ್ನೆ ಬರೆ.

ನಿನ್ನ ಅಮ್ಮ